ನವೆಂಬರ್ ತಿಂಗಳಲ್ಲಿ ನನ್ನ ಕಾಲು ಊರಿತು

ಯಜಮಾನರು ತೀರಿಕೊಂಡು ಎರಡು ವರ್ಷವಾದ ಮೇಲೆ ಸಾಗರದ ಮನೆಗೆ ಬೀಗ ಹಾಕಿ, ಮೈಸೂರಿನ ಹೊರವಲಯದ ಹಿರಿಯರ ವಸತಿ ಸಮುಚ್ಚಯಕ್ಕೆ ಬಂದೆ. ಆಗ ನನಗೆ 71. ಮಗ ಪುಣೆಯಿಂದ, ಮಗಳು ಡಲ್ಲಾಸಿನಿಂದ ಕರೆದರು. ಒಲ್ಲೆನೆಂದವಳು ನಾನೇ.

ಠೇವಣಿ ಕಟ್ಟುವ ಮೊದಲು ಒಂದು ತಿಂಗಳು ಬಾಡಿಗೆ ಕೊಟ್ಟು ಇದ್ದು ನೋಡಿದೆ. ಬಿಟ್ಟು ಹೋದರೆ ಎಷ್ಟು ಹಣ ಮುರಿದುಕೊಳ್ಳುತ್ತಾರೆ, ಉಳಿದದ್ದು ಎಷ್ಟು ದಿನಕ್ಕೆ ಕೈಸೇರುತ್ತದೆ, ಹಾಸಿಗೆ ಹಿಡಿದರೆ ಇಲ್ಲೇ ನೋಡಿಕೊಳ್ಳುತ್ತಾರೆಯೇ ಎಂಬುದನ್ನೆಲ್ಲ ಕರಾರಿನಲ್ಲೇ ಬರೆಸಿಕೊಂಡೆ. ಯಾರೇ ಆಗಲಿ, ಇಷ್ಟನ್ನು ಮಾಡಲೇಬೇಕು.

ಆದರೂ ನಾಲ್ಕು ತಿಂಗಳು ನೆಂಟರ ಮನೆಗೆ ಬಂದವಳಂತಿದ್ದೆ. ಬಡಿಸಿದ್ದನ್ನು ಉಂಡು, ಕೈತೊಳೆದು, ಬಾಗಿಲು ಹಾಕಿಕೊಳ್ಳುತ್ತಿದ್ದೆ. ರಾತ್ರಿ ಏಳೂವರೆಗೇ ಊಟ ಮುಗಿಯುತ್ತಿತ್ತು. ಆಮೇಲೆ ಮಗಳ ಫೋನಿಗೆ ಕಾಯುವುದೊಂದೇ ಕೆಲಸ. ಊಟವೂ ಒಗ್ಗಲಿಲ್ಲ; ಅಡುಗೆಯವರಿಗೆ ತಂಬುಳಿಯ ಹೆಸರೇ ಗೊತ್ತಿರಲಿಲ್ಲ. ಊರಿನಿಂದ ಒಂದೆಲಗದ ಬಳ್ಳಿ ತರಿಸಿ, ನಲ್ಲಿಯ ನೀರು ಹರಿಯುವಲ್ಲಿ ನೆಟ್ಟೆ. ಅದು ಹಬ್ಬಿದ ಮೇಲೆ ಎಲೆಯನ್ನು ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಹಾಕಿ ರುಬ್ಬಿಸಿ, ಮಜ್ಜಿಗೆ ಬೆರೆಸಿ ತೋರಿಸಿಕೊಟ್ಟೆ. ಈಗ ಪ್ರತಿ ಗುರುವಾರ ತಂಬುಳಿಯಿದೆ.

ಅಷ್ಟರಲ್ಲಿ ನವೆಂಬರ್ ಬಂತು, ಪಿಂಚಣಿದಾರರು ತಾವು ಬದುಕಿದ್ದೇವೆಂದು ತೋರಿಸುವ ಜೀವನ ಪ್ರಮಾಣಪತ್ರ ಕೊಡಬೇಕಾದ ತಿಂಗಳು. ಪಕ್ಕದ ಮನೆಯ ನಿವೃತ್ತ ರೈಲ್ವೆ ನೌಕರರಿಗೆ 82. ಆಟೊದಲ್ಲಿ ಬ್ಯಾಂಕಿಗೆ ಹೋಗಿ ಬರಿಗೈಯಲ್ಲಿ ಬಂದರು. ಬೆರಳಿನ ಗೆರೆ ಸವೆದು ಯಂತ್ರಕ್ಕೆ ಸಿಗಲಿಲ್ಲವಂತೆ, ನಾಳೆ ಬನ್ನಿ ಎಂದರಂತೆ. "ನಾನೇ ಎದುರಿಗೆ ನಿಂತಿದ್ದರೂ ಸಾಲದಾಯಿತಲ್ಲಮ್ಮಾ" ಎನ್ನುವಾಗ ಅವರ ದನಿ ನಡುಗಿತು.

ಅಂಚೆ ಕಚೇರಿಯ ಕೌಂಟರಿನಲ್ಲಿ 32 ವರ್ಷ ಕುಳಿತವಳು ನಾನು, ಸುಮ್ಮನಿರಲಾಗಲಿಲ್ಲ. 2021ರಿಂದ ಮೊಬೈಲಿಗೆ ಮುಖ ತೋರಿಸಿಯೇ ಈ ಪ್ರಮಾಣಪತ್ರ ಸಲ್ಲಿಸಬಹುದು. ಜೀವನ್ ಪ್ರಮಾಣ್ ಆ್ಯಪ್ ಜೊತೆಗೆ ಆಧಾರ್‌ನ ಮುಖ ಗುರುತಿಸುವ ಆ್ಯಪ್ ಕೂಡ ಬೇಕು. ಆಧಾರ್, ಪಿಪಿಒ (ಪಿಂಚಣಿ ಪಾವತಿ ಆದೇಶ), ಬ್ಯಾಂಕ್ ಖಾತೆಯ ಸಂಖ್ಯೆಗಳನ್ನು ಬರೆದುಕೊಂಡೆ. ಕಿಟಕಿಯ ಬೆಳಕು ಮುಖಕ್ಕೆ ಬೀಳುವಂತೆ ಅವರನ್ನು ಕೂರಿಸಿ, ಕನ್ನಡಕ ತೆಗೆಸಿ, ರೆಪ್ಪೆ ಮಿಟುಕಿಸಲು ಹೇಳಿದೆ. ಮೂರನೆಯ ಸಲಕ್ಕೆ ಆಯಿತು.

ಮರುದಿನ ತಿಂಡಿಯ ಹೊತ್ತಿಗೆ ನನ್ನ ಮೇಜಿನ ಮುಂದೆ ಒಂಬತ್ತು ಜನ ಕಾಗದ ಹಿಡಿದು ನಿಂತಿದ್ದರು. ನಾಲ್ಕು ತಿಂಗಳಿಂದ ಮುಖ ಮಾತ್ರ ಗೊತ್ತಿದ್ದವರು. ಅಂದು ಒಬ್ಬೊಬ್ಬರ ಊರು, ಇಲಾಖೆ, ಮಕ್ಕಳ ಸುದ್ದಿ ಎಲ್ಲ ತಿಳಿಯಿತು. ಹಾಸಿಗೆ ಬಿಟ್ಟೇಳಲಾಗದ ಅಜ್ಜಿಯೊಬ್ಬರ ಕೋಣೆಗೆ ನಾನೇ ಹೋದೆ. ಫೋಟೊ ತೆಗೆಯುತ್ತಾರೆಂದು ಅವರು ತಲೆ ಬಾಚಿಸಿಕೊಂಡು, ಕೆನ್ನೆಗೆ ಪೌಡರ್ ಹಚ್ಚಿಕೊಂಡು ಕಾಯುತ್ತಿದ್ದರು. ಕೆಲಸ ಮುಗಿದ ಮೇಲೂ ನನ್ನ ಕೈ ಬಿಡಲಿಲ್ಲ. ಆ ಸಂಜೆ ಮಗಳು ಫೋನ್ ಮಾಡಿದ್ದು ನನಗೆ ತಿಳಿಯಲೇ ಇಲ್ಲ.

80 ದಾಟಿದ ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ ಅಕ್ಟೋಬರ್ 1ರಿಂದಲೇ ಅವಕಾಶವಿದೆ. ಈ ಸಲದ ಪಟ್ಟಿಯನ್ನು ಈಗಲೇ ಬರೆದಿಟ್ಟಿದ್ದೇನೆ. ಅಜ್ಜಿಯ ಹೆಸರು ಮೊದಲಿದೆ.