ಕೊಳೆತ ಮೊಟ್ಟೆಯ ವಾಸನೆಯೂ ನನ್ನ ಇಲಿಗಳೂ

ನಾನು ಕೆಲಸ ಮಾಡಿದ್ದು ಹೈಡ್ರೋಜನ್ ಸಲ್ಫೈಡ್ ಮೇಲೆ. ಚರಂಡಿಯಲ್ಲಿ ಹುಟ್ಟುವ, ಹೆಚ್ಚಾದರೆ ಪ್ರಾಣವನ್ನೇ ತೆಗೆಯುವ ಅನಿಲ. ಅದೇ ಅನಿಲ ಮೆದುಳಿನಲ್ಲೂ ಸಿಸ್ಟೀನ್ ಎಂಬ ಅಮೈನೋ ಆಮ್ಲದಿಂದ ಅತ್ಯಲ್ಪ ಪ್ರಮಾಣದಲ್ಲಿ ತಯಾರಾಗುತ್ತದೆ. ನರಕೋಶಗಳ ಕೆಲಸದಲ್ಲಿ ಅದಕ್ಕೆ ಪಾತ್ರವಿರಬಹುದು ಎಂದು 1996ರಲ್ಲಿ ಅಬೆ ಮತ್ತು ಕಿಮುರಾ ಎಂಬ ವಿಜ್ಞಾನಿಗಳು ತೋರಿಸಿದ್ದರು. ಒತ್ತಡಕ್ಕೆ ಸಿಲುಕಿದ ಇಲಿಗಳಿಗೆ ಇದನ್ನು ಹೊರಗಿನಿಂದ ಕೊಟ್ಟರೆ ಖಿನ್ನತೆಯಂಥ ಲಕ್ಷಣಗಳು ತಗ್ಗುತ್ತವೆಯೇ ಎಂಬುದು ನನ್ನ ಪ್ರಶ್ನೆ.

ಇಲಿಯನ್ನು ಆ ಸ್ಥಿತಿಗೆ ತರುವುದು ನೋಡಲು ಹಿತವಾದ ಕೆಲಸವಲ್ಲ. ಒಂದು ದಿನ ಒದ್ದೆ ಹಾಸು, ಮರುದಿನ ಓರೆಯಾಗಿಟ್ಟ ಪಂಜರ, ಇನ್ನೊಂದು ರಾತ್ರಿ ಪೂರ್ತಿ ದೀಪ. ಒಂದೇ ಕಿರುಕುಳವನ್ನು ದಿನವೂ ಕೊಟ್ಟರೆ ಇಲಿ ಒಗ್ಗಿಕೊಂಡುಬಿಡುತ್ತದೆ, ಮುಂದೇನೆಂದು ಊಹಿಸಲಾಗದಿರಬೇಕು. ನಾಲ್ಕು ವಾರಗಳ ನಂತರ ಪ್ರತಿ ಪಂಜರಕ್ಕೂ ಎರಡು ಬಾಟಲಿ: ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಶೇ 1ರ ಸಕ್ಕರೆ ನೀರು. ನೆಮ್ಮದಿಯಾಗಿರುವ ಇಲಿ ಸಿಹಿಯನ್ನು ಬಿಡುವುದಿಲ್ಲ. ನನ್ನವಕ್ಕೆ ಎರಡೂ ಒಂದೇ ಆಗಿಬಿಟ್ಟಿದ್ದವು.

ಸಿಲಿಂಡರಿನ ಗೊಡವೆ ಬೇಡವೆಂದು ಸೋಡಿಯಂ ಹೈಡ್ರೋಸಲ್ಫೈಡ್ ಆರಿಸಿಕೊಂಡೆ. ನೀರಿಗೆ ಬಿದ್ದೊಡನೆ ಅನಿಲ ಬಿಡುವ ಲವಣ ಅದು. ಎಡವಿದ್ದು ಇಲ್ಲೇ. ಬೆಳಿಗ್ಗೆ ದ್ರಾವಣ ಮಾಡಿ ಮೇಜಿನ ಮೇಲಿಟ್ಟು, ಮಧ್ಯಾಹ್ನದವರೆಗೂ ಅದನ್ನೇ ಚುಚ್ಚುತ್ತಿದ್ದೆ. ಮೊದಲ ತಂಡದಲ್ಲಿ ಫಲ ಕಾಣಲಿಲ್ಲ. ಪಟ್ಟಿಯನ್ನು ಮತ್ತೆ ಮತ್ತೆ ತಿರುವಿದಾಗ, ದಿನವೂ ಮೊದಲು ಚುಚ್ಚಿಸಿಕೊಂಡ ಒಂದೆರಡು ಪಂಜರಗಳ ಇಲಿಗಳು ಮಾತ್ರ ಸುಧಾರಿಸಿದ್ದು ಕಣ್ಣಿಗೆ ಬಿತ್ತು. ತೆರೆದ ಟ್ಯೂಬಿನಿಂದ ಔಷಧ ಗಾಳಿಗೆ ಹೋಗುತ್ತಿತ್ತು. ಕೊನೆಯ ಇಲಿಗಳ ಪಾಲಿಗೆ ಉಳಿದದ್ದು ಬಹುಮಟ್ಟಿಗೆ ಬರೀ ಉಪ್ಪುನೀರು. ಕೋಣೆಯೆಲ್ಲ ನಾರುತ್ತಿದ್ದಾಗಲೇ ನನಗೆ ಹೊಳೆಯಬೇಕಿತ್ತು! ಆಮೇಲೆ ನಾಲ್ಕು ಇಲಿಗಳಿಗೊಮ್ಮೆ ಹೊಸ ದ್ರಾವಣ, ಕಂಠದವರೆಗೆ ತುಂಬಿ ಬಿಗಿಯಾಗಿ ಮುಚ್ಚಿದ ಟ್ಯೂಬು.

ವಾಸನೆ ಇನ್ನೊಂದು ಪೇಚನ್ನೂ ತಂದಿತು. ಯಾವ ಇಲಿಗೆ ಔಷಧ ಹೋಗಿದೆ ಎಂಬುದು ಅಳೆಯುವವರಿಗೆ ತಿಳಿಯಬಾರದು. ಮೂಗಿನಿಂದ ಗುಟ್ಟು ಮುಚ್ಚಿಡುವುದು ಹೇಗೆ? ಚುಚ್ಚುವ ಕೆಲಸ ನಾನಿಟ್ಟುಕೊಂಡು, ಇಲಿಯನ್ನು ನೀರಿಗೆ ಬಿಟ್ಟು ಅದು ಈಜಾಡುತ್ತದೆಯೋ ಕೈಚೆಲ್ಲಿ ತೇಲುತ್ತದೆಯೋ ಎಂದು ನೋಡುವ ಈಜು ಪರೀಕ್ಷೆಯ ವಿಡಿಯೊಗಳನ್ನು ಬೇರೆ ಕೋಣೆಯಲ್ಲಿದ್ದ ಸಹೋದ್ಯೋಗಿಗೆ ಒಪ್ಪಿಸಿದೆ. ಆರು ನಿಮಿಷಗಳಲ್ಲಿ ಕೊನೆಯ ನಾಲ್ಕನ್ನು ನೋಡಿ, ಇಲಿ ಎಷ್ಟು ಸೆಕೆಂಡು ಸುಮ್ಮನೆ ತೇಲಿತು ಎಂದು ಅವರು ಬರೆದುಕೊಳ್ಳುತ್ತಿದ್ದರು.

ಎರಡನೆಯ ತಂಡದಲ್ಲಿ ಔಷಧ ಪಡೆದವು ಕಡಿಮೆ ತೇಲಿದವು. ತೆರೆದ ಪೆಟ್ಟಿಗೆಯಲ್ಲಿ ಅವುಗಳ ಓಡಾಟವೇನೂ ಹೆಚ್ಚಿರಲಿಲ್ಲ, ಆದ್ದರಿಂದ ಇದು ಬರೀ ಚಟುವಟಿಕೆಯಲ್ಲ. ಆದರೂ ಈಜು ಪರೀಕ್ಷೆಯನ್ನು ನಾನು ಅಷ್ಟಾಗಿ ನಂಬುವವನಲ್ಲ. ತೇಲುವ ಇಲಿ ಸೋತಿದೆ ಎನ್ನುವುದಕ್ಕಿಂತ ಜಾಣತನದಿಂದ ಶಕ್ತಿ ಉಳಿಸಿಕೊಳ್ಳುತ್ತಿದೆ ಎಂದೂ ಹೇಳಬಹುದು. ನನ್ನ ಒಲವು ಸಕ್ಕರೆ ನೀರಿನ ಲೆಕ್ಕದ ಕಡೆಗೆ. ಏಳನೆಯ ಪಂಜರದಲ್ಲಿ ಒಂದು ಬೆಳಿಗ್ಗೆ ಸಿಹಿ ಬಾಟಲಿಯ ಮಟ್ಟ ಎಷ್ಟು ಇಳಿದಿತ್ತೆಂದರೆ, ಸೋರಿರಬೇಕೆಂದು ಕೆಳಗಿನ ಹಾಸನ್ನು ಮುಟ್ಟಿ ನೋಡಿದೆ. ಒಣಗಿಯೇ ಇತ್ತು.