ಅನುದಾನದ ದುಡ್ಡಿನಲ್ಲಿ ಊರಿಗೆ ಟಿಕೆಟ್ ಕೊಳ್ಳುವ ಮುನ್ನ

ರಾಯಚೂರು, ಬಳ್ಳಾರಿ ಕಡೆಯಿಂದ ಅಮೆರಿಕಕ್ಕೆ ಬಂದು ಅಧ್ಯಾಪಕರಾಗುವವರಿಗೆ ಸಂಶೋಧನಾ ಅನುದಾನಕ್ಕೆ ಪ್ರೊಪೋಸಲ್ ಬರೆಯುವುದನ್ನು ನಾನು ಕಲಿಸಬೇಕಾಗಿಲ್ಲ. ಅವರು ಎಡವುವುದು ಹಣ ಮಂಜೂರಾದ ಮೇಲೆ, ಅದೂ ನಾನು ಎಡವಿದ ಕಲ್ಲಿಗೇ.

ಇಲ್ಲಿ ಬಹಳಷ್ಟು ಅಧ್ಯಾಪಕರಿಗೆ ವಿಶ್ವವಿದ್ಯಾಲಯ ಕೊಡುವುದು ಒಂಬತ್ತು ತಿಂಗಳ ಸಂಬಳ. ಬೇಸಿಗೆಯದನ್ನು ಅನುದಾನದಲ್ಲಿ ನೀವೇ ಹುಟ್ಟಿಸಿಕೊಳ್ಳಬೇಕು. ಎನ್‌ಎಸ್‌ಎಫ್ (ವಿಜ್ಞಾನ ಸಂಶೋಧನೆಗೆ ಹಣ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ) ಸಾಮಾನ್ಯವಾಗಿ ತನ್ನ ಎಲ್ಲ ಅನುದಾನಗಳನ್ನೂ ಸೇರಿಸಿ ವರ್ಷಕ್ಕೆ 2 ತಿಂಗಳಿನದನ್ನಷ್ಟೇ ಒಪ್ಪುತ್ತದೆ. ಪಾಠವನ್ನು ಕಡೆಗಣಿಸುವಂತೆಯೂ ಇಲ್ಲ: ಕಿರಿಯ ಅಧ್ಯಾಪಕರಿಗೆಂದು ಅದು ಕೊಡುವ ಕೆರಿಯರ್ ಅನುದಾನಕ್ಕೆ ಸಂಶೋಧನೆಯ ಜೊತೆ ಬೋಧನೆಯ ಯೋಜನೆಯನ್ನೂ ಹೆಣೆದಿರಬೇಕು. ಹನ್ನೆರಡು ತಿಂಗಳೂ ಸಂಬಳ ಬರುವ ನಮ್ಮ ಪದ್ಧತಿಯೇ ನೆಮ್ಮದಿ ಎಂದು ನಾನು ಈಗಲೂ ವಾದಿಸುತ್ತೇನೆ. ಆದರೆ ಮಾರ್ಚ್ ಬಂತೆಂದು ಬೇಡದ ಪ್ರಿಂಟರ್ ಕೊಂಡು ದುಡ್ಡು ಮುಗಿಸುವ ಗಡಿಬಿಡಿ ಇಲ್ಲಿಲ್ಲ. ಕೆಲಸ ಬಾಕಿ ಇದ್ದರೆ, ಹೊಸ ಹಣ ಕೇಳದೆ ಅವಧಿಯನ್ನು ಒಂದು ವರ್ಷ ಮುಂದಕ್ಕೆ ಹಾಕಿಸಿಕೊಳ್ಳಬಹುದು.

ಈಗ ನನ್ನ ಜೇಬಿಗೆ ಕತ್ತರಿ ಬಿದ್ದ ಕಥೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ, ಗಂಗಾವತಿ, ಸಿಂಧನೂರು ಸುತ್ತ ಸವಳು ಹಿಡಿದ ಗದ್ದೆಗಳ ಅಧ್ಯಯನಕ್ಕೆ ಫೆಡರಲ್, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ, ಅನುದಾನ ಸಿಕ್ಕಿತ್ತು. ಹೈದರಾಬಾದಿಗೆ ಕೊಲ್ಲಿ ದೇಶದ ವಿಮಾನವೇ ಎಲ್ಲಕ್ಕಿಂತ ಅಗ್ಗವಾಗಿತ್ತು. ಸರ್ಕಾರದ ದುಡ್ಡು ಉಳಿಸಿದೆನೆಂದು ಬೀಗುತ್ತಾ ಹೋಗಿ ಬಂದು ಬಿಲ್ ಕೊಟ್ಟೆ. ಒಂದು ಡಾಲರೂ ವಾಪಸ್ಸು ಬರಲಿಲ್ಲ.

ಕಾರಣ, ಫ್ಲೈ ಅಮೆರಿಕ ಕಾಯ್ದೆ. ಫೆಡರಲ್ ಹಣದಲ್ಲಿ ಹಾರುವವರು ಅಮೆರಿಕದ ಕಂಪನಿಯ ಮೂಲಕವೇ ಹಾರಬೇಕು. ಬೇರೆಯದು ಅಗ್ಗ ಎಂಬ ವಾದ ಇಲ್ಲಿ ನಡೆಯದು. ಐರೋಪ್ಯ ಒಕ್ಕೂಟದ ಜೊತೆ ಒಪ್ಪಂದವಿರುವುದರಿಂದ ಅಲ್ಲಿಯ ಕಂಪನಿಗಳಿಗೆ ಸಾಮಾನ್ಯವಾಗಿ ಅವಕಾಶವಿದೆ. ಕೊಲ್ಲಿಯ ಕಂಪನಿಗಳಿಗೆ ಇಲ್ಲ. ವಿಮಾನ ಯಾರದ್ದೇ ಇರಲಿ, ಟಿಕೆಟ್ಟಿನಲ್ಲಿ ಅಮೆರಿಕದ ಕಂಪನಿಯ ಸಂಕೇತಾಕ್ಷರವೂ ಸಂಖ್ಯೆಯೂ ಇದ್ದರೆ ಸಾಕು. ಒಂದೇ ವಿಮಾನವನ್ನು ಎರಡು ಕಂಪನಿಗಳು ತಮ್ಮ ತಮ್ಮ ಸಂಖ್ಯೆಯಲ್ಲಿ ಮಾರುತ್ತವೆ. ತಪ್ಪು ಸಂಖ್ಯೆಯದನ್ನು ಕೊಂಡರೆ ಅದೇ ಸೀಟಿನಲ್ಲಿ ಕುಳಿತು ಬಂದರೂ ಹಣ ಹೋಯಿತು. ನಗಬೇಡಿ, ಸರ್ಕಾರಿ ಖರ್ಚಿಗೆ ಏರ್ ಇಂಡಿಯಾವೇ ಆಗಬೇಕೆಂಬ ನಿಯಮ ನಮ್ಮಲ್ಲೂ ಬಹಳ ಕಾಲ ಇತ್ತು.

ಹೋದ ವರ್ಷ ಮಾನ್ವಿ ಕಡೆಯ ಹುಡುಗನೊಬ್ಬ ವಿಮಾನ ನಿಲ್ದಾಣದಿಂದಲೇ ಫೋನ್ ಮಾಡಿ, "ಸರ್, ಅಗ್ಗದ ಟಿಕೆಟ್ ಸಿಕ್ಕಿತು" ಎಂದ. ಯಾವ ಕಂಪನಿ ಎಂದು ಕೇಳಿದೆ. ಅವನು ಹೆಸರು ಹೇಳುವಷ್ಟರಲ್ಲಿ ಹಿಂದಿನಿಂದ ಅರಬ್ಬಿ ಭಾಷೆಯ ಪ್ರಕಟಣೆ ಕೇಳಿಸಿತು.