ಗ್ರಾಫಿಕ್ಸ್ ಕಾರ್ಡಿನ ಕನೆಕ್ಟರ್ ಕರಗೋಕಿಂತ ಮೊದ್ಲ ಇಷ್ಟು ನೋಡ್ಕೋರಿ

ಲಗ್ನದ ಸೀಸನ್ ಅಂದ್ರ ನಮ್ಮ ಕಲಬುರಗಿ ಸ್ಟುಡಿಯೋದವ್ರಿಗೆ ಏಪ್ರಿಲ್, ಮೇ. ಹಗಲೆಲ್ಲಾ ಶೂಟಿಂಗು, ರಾತ್ರಿ ವಿಡಿಯೋ ರೆಂಡರ್‌ಗೆ ಹಚ್ಚಿ ಶೆಟರ್ ಎಳ್ದು ಮನಿಗೆ ಹೋಗೋದು. ಹಗಲು 43-44 ಡಿಗ್ರಿ ಕಾದ ಊರು, ರಾತ್ರಿ ಹತ್ತಕ್ಕೂ ಗ್ವಾಡಿ ಮುಟ್ಟಿದ್ರ ಬೆಚ್ಚಗ ಇರ್ತದ, ಅಂಥಾದ್ರಾಗ ಬಂದ್ ಅಂಗಡಿ ಒಳಗ 450 ವ್ಯಾಟ್ ಎಳೆಯೋ ಗ್ರಾಫಿಕ್ಸ್ ಕಾರ್ಡ್, ಅಂದ್ರ ಕಂಪ್ಯೂಟರ್‌ದಾಗ ವಿಡಿಯೋ, ಗೇಮಿನ ಲೆಕ್ಕ ಮಾಡೋ ಭಾಗ, ಒಂದ ಸಮ ಓಡ್ತಿರ್ತದ, ನೋಡೋರು ಯಾರೂ ಇಲ್ಲ. ನನಗ ಅಂಜಿಕಿ ಇರೋದ ಇಲ್ಲಿ. ಗೇಮ್ ಆಡೋ ಹುಡುಗ್ರು ಕಡಿಗಿ ಮಷಿನ್ ಮುಂದರ ಕೂತಿರ್ತಾರ, ಸುಟ್ಟ ವಾಸನಿ ಬಂದ್ರ ಗೊತ್ತಾಗ್ತದ.

ವಿಷಯ ಏನದ ಅಂದ್ರ, 2022ರ ಅಕ್ಟೋಬರ್‌ದಾಗ ಎನ್‌ವಿಡಿಯಾದ ಆರ್‌ಟಿಎಕ್ಸ್ 4090 ಕಾರ್ಡ್ ಬಂತು, ತಿಂಗಳು ತುಂಬೋದ್ರೊಳಗ ಅದಕ್ಕ ಕರಂಟ್ ಕೊಡೋ ಕನೆಕ್ಟರ್ ಕರಗಿದ ಫೋಟೋ ಬರ್ಲಿಕ್ಕತ್ತಿದ್ವು. ನವೆಂಬರ್‌ದಾಗ ಕಂಪನಿ ಹೇಳ್ತು, ಸುಮಾರು 50 ಕೇಸ್ ನಮ್ಮ ಗಮನಕ್ಕ ಬಂದಾವ, ಹೆಚ್ಚಿನವ್ರು ಕನೆಕ್ಟರ್ ಪೂರಾ ಒತ್ತಿಲ್ಲ ಅಂತ. ಅದೂ ಖರೇನ. ಆದ್ರ ಬರೀ ಬಳಸೋರ ತಪ್ಪು ಅನ್ನೋ ಮಾತು ನಾ ಒಪ್ಪಂಗಿಲ್ಲ, ಯಾಕ ಅನ್ನೋದು ಲೆಕ್ಕ ನೋಡಿದ್ರ ತಿಳೀತದ.

ಹಳೇ 8 ಪಿನ್ ಕನೆಕ್ಟರ್ ಒಂದಕ್ಕ 150 ವ್ಯಾಟ್ ಅಷ್ಟ ಲೆಕ್ಕ. 12 ವೋಲ್ಟಿಗೆ ಭಾಗ ಹಾಕಿದ್ರ ಹನ್ನೆರಡೂವರಿ ಆಂಪಿಯರ್, ಮೂರು ವೈರಿಗೆ ಹಂಚಿದ್ರ ಒಂದೊಂದಕ್ಕ 4 ಆಂಪಿಯರ್ ಚಿಲ್ಲರೆ. ಹೊಸದು, 12ವಿಎಚ್‌ಪಿಡಬ್ಲ್ಯೂಆರ್ ಅಂತ ನಾಲಿಗಿ ಹೊರಳದ ಹೆಸರಿನದು, ಅದಕಿಂತ ಸಣ್ಣದು, ಪಿನ್ನಿಂದ ಪಿನ್ನಿಗೆ ಬರೇ 3 ಮಿಲಿಮೀಟರ್, ಅದರ ಮ್ಯಾಲ 600 ವ್ಯಾಟ್ ತನಕ ಹೊರಿಸ್ಯಾರ. 50 ಆಂಪಿಯರ್, 6 ವೈರು, ಒಂದಕ್ಕ 8.3 ಆಂಪಿಯರ್. ಪಿನ್ನಿನ ತಾಕತ್ತು 9.2 ಆಂಪಿಯರ್. ಅಂದ್ರ ಉಳಿದ ಜಾಗ ಹತ್ತು ಪರ್ಸೆಂಟಿನ ಆಸುಪಾಸು, ಅಷ್ಟ.

ಅದೂ ಆರೂ ವೈರು ಸರಿಸಮ ಹೊತ್ರ. ನಮ್ಮ ಎಪಿಎಂಸಿ ಯಾರ್ಡ್‌ದಾಗ ಆರು ಮಂದಿ ಹಮಾಲರು ಸೇರಿ ಭಾರ ಎತ್ತಿದಾಗ ಇಬ್ರು ಕೈ ಸಡ್ಲ ಬಿಟ್ರ ಉಳಿದ ನಾಲ್ವರ ಬೆನ್ನ ಮ್ಯಾಲ ಬೀಳ್ತದಲ್ಲ, ಇಲ್ಲಿಯೂ ಹಂಗ. ಎರಡು ಪಿನ್ ಸಡಿಲ ಆದ್ರ ಕಾರ್ಡ್ ತನ್ನ ಪಾಲು ಕಡಿಮಿ ಕೇಳಂಗಿಲ್ಲ, ಉಳಿದ ಪಿನ್ನಿನಿಂದನ ಎಳೀತದ. ಕರಂಟ್ ಎರಡು ಪಟ್ಟಾದ್ರ ಬಿಸಿ ನಾಕು ಪಟ್ಟು, 8 ಆಂಪಿಯರ್ ಹೋಗಬೇಕಾದಲ್ಲಿ 20 ಹೋದ್ರ ಆರು ಪಟ್ಟಿಗೂ ಹೆಚ್ಚು. 4090ಕಿಂತ ಹಿಂದಿನ 3090 ಟಿಐ ಕಾರ್ಡ್‌ದಾಗ ವೈರುಗಳನ್ನ ಮೂರು ಗುಂಪು ಮಾಡಿ ಗುಂಪು ಗುಂಪಿಗೆ ಅಳತಿ ಇಟ್ಟಿದ್ರು, 4090ಕ್ಕ ಬಂದಾಗ ಎಲ್ಲಾ ಒಂದ್ರಾಗ ಕೂಡಿಸಿಬಿಟ್ರು, ಹಿಂಗಾಗಿ ಯಾವ ವೈರು ಎಷ್ಟು ಹೊರ್ಲಿಕ್ಕತ್ತದ ಅನ್ನೋದು ಕಾರ್ಡ್‌ಗೇ ಗೊತ್ತಾಗಂಗಿಲ್ಲ. 2025ರ ಫೆಬ್ರವರಿಯಾಗ ಕಂಪ್ಯೂಟರ್ ಭಾಗ ಪರೀಕ್ಷಾ ಮಾಡಿ ಯೂಟ್ಯೂಬ್‌ದಾಗ ತೋರಿಸೋ ಜರ್ಮನಿಯ ಡೆರ್‌ಬಾವರ್, ಎನ್‌ವಿಡಿಯಾದ ಮುಂದಿನ 5090 ಕಾರ್ಡ್ ಹಚ್ಚಿ ಅಳೆದಾಗ ಒಂದು ವೈರಿನಾಗ 20ಕ್ಕೂ ಹೆಚ್ಚು ಆಂಪಿಯರ್, ಪವರ್ ಸಪ್ಲೈ (ಕಂಪ್ಯೂಟರ್‌ಗೆಲ್ಲಾ ಕರಂಟ್ ಹಂಚೋ ಡಬ್ಬಿ) ಕಡೆ ಕನೆಕ್ಟರ್‌ಗೆ 150 ಡಿಗ್ರಿ ಸಮೀಪ ಬಂದಿತ್ತು. ಈ 5090 ಅನ್ನೋದು 575 ವ್ಯಾಟಿನ ಕಾರ್ಡ್, 4090ಕಿಂತ 125 ವ್ಯಾಟ್ ಜಾಸ್ತಿ, ಕನೆಕ್ಟರ್ ಮಾತ್ರ ಅದ ಸೈಜಿಂದು.

ಇಷ್ಟು ಓದಿ ಮಷಿನ್ ಮಾರೋ ವಿಚಾರ ಮಾಡಬ್ಯಾಡ್ರಿ. ಬಳಸೋರ ಪೈಕಿ ಭಾಳ ಮಂದಿಗೆ ಏನೂ ಆಗಿಲ್ಲ. ಒಂದು ತಾಸು ಕೂತ್ರ ಮುಗಿಯೋ ಕೆಲಸ ಇದು, ಹೆಂಗ ಮಾಡೋದು ಹೇಳ್ತೀನಿ.

ಮೊದ್ಲ ನಿಮ್ಮದು ಯಾವ ಕನೆಕ್ಟರ್ ನೋಡ್ರಿ

ಕಾರ್ಡ್‌ಗೆ ಹೋಗೋ ವೈರಿನ ತುದಿಯಾಗ ದೊಡ್ಡ 8 ಪಿನ್ ಒಂದೋ ಎರಡೋ ಮೂರೋ ಇದ್ರ ಈ ಲೇಖನ ನಿಮಗಲ್ಲ, ಆರಾಮ ಇರ್ರಿ. ಎಎಮ್‌ಡಿಯ 7900 ಎಕ್ಸ್‌ಟಿಎಕ್ಸ್‌ದಂಥ ದೊಡ್ಡ ಕಾರ್ಡ್ ಸೈತ 8 ಪಿನ್ನಿನ ಮ್ಯಾಲನ ನಡೀತದ. ಮ್ಯಾಲ ಎರಡು ಸಾಲಿನಾಗ 12 ಪಿನ್, ಅದರ ಪಕ್ಕ 4 ಸಣ್ಣ ಸೂಜಿಯಂಥ ಪಿನ್ ಇದ್ರ ನಿಮ್ಮದು ಇದ. ಆ ಸಣ್ಣ ನಾಕರಾಗ ಎರಡು ಪಿನ್ನು ಈ ಕೇಬಲ್ ಎಷ್ಟು ವ್ಯಾಟ್ ಕೊಡಬಲ್ಲದು ಅಂತ ಕಾರ್ಡ್‌ಗೆ ತಿಳಿಸ್ತಾವ. 2023ರಾಗ ಸಾಕೆಟ್ ಸುಧಾರಿಸಿ 12ವಿ-2x6 ಅಂತ ತಂದ್ರು, ಅದರಾಗ ಸಣ್ಣ ಪಿನ್ ಇನ್ನೂ ಗಿಡ್ಡ, ದೊಡ್ಡ ಪಿನ್ ಜರಾ ಉದ್ದ, ಪೂರಾ ಕೂಡದಿದ್ರ ಕಾರ್ಡ್ ಕರಂಟ್ ಎಳಿಬಾರ್ದು ಅನ್ನೋ ಲೆಕ್ಕ. ಬದಲಾಗಿದ್ದು ಸಾಕೆಟ್ ಕಡೆ, ನಿಮ್ಮ ಹಳೇ ಕೇಬಲ್ ಇದಕ್ಕೂ ಕೂಡ್ತದ. ಒಳ್ಳೇ ಬದಲಾವಣಿನ, ಆದ್ರ ಕರಂಟ್ ಸರಿಸಮ ಹಂಚೋ ಸಮಸ್ಯಾ ಇದರಿಂದ ಬಗೆಹರಿಯಂಗಿಲ್ಲ, ಡೆರ್‌ಬಾವರ್ ಅಳೆದ 5090ದಾಗೂ ಹೊಸ ಸಾಕೆಟ್ಟೇ ಇತ್ತು.

ಬಿಚ್ಚೋಕಿಂತ ಮೊದ್ಲ ಯುಪಿಎಸ್ ಬಂದ್ ಮಾಡ್ರಿ

ಶಟ್‌ಡೌನ್ ಮಾಡ್ರಿ, ಪವರ್ ಸಪ್ಲೈ ಹಿಂದಿನ ಸ್ವಿಚ್ ಆಫ್, ಆಮ್ಯಾಲ ಪ್ಲಗ್ ಕೀಳ್ರಿ. ಗ್ವಾಡಿ ಸ್ವಿಚ್ ಅಷ್ಟ ಆಫ್ ಮಾಡಿ ಕೈ ಹಾಕೋರು ಭಾಳ ಮಂದಿ ಇದ್ದಾರ, ಯುಪಿಎಸ್ ಇದ್ದ ಮನ್ಯಾಗ ಅದರಿಂದ ಏನೂ ಬಂದ್ ಆಗಿರಂಗಿಲ್ಲ. ಪ್ಲಗ್ ಕಿತ್ತ ಮ್ಯಾಲ ಪವರ್ ಬಟನ್ ಒಂದಿಷ್ಟು ಹೊತ್ತು ಒತ್ತಿ ಹಿಡೀರಿ. ಈಗಷ್ಟ ಗೇಮ್ ಆಡಿ ಬಿಟ್ಟಿದ್ರ ತಣ್ಣಗಾಗ್ಲಿಕ್ಕ ಬಿಡ್ರಿ, ಬಿಸಿ ಇದ್ದಾಗ ಪ್ಲಾಸ್ಟಿಕ್ ಮೆತ್ತಗ ಇರ್ತದ.

ಕನೆಕ್ಟರಿನ ಕೊಂಡಿ ಒತ್ತಿ ಹಿಡಿದು ಸೀದಾ ಹಿಂದಕ ಎಳೀರಿ, ಎಡಕ ಬಲಕ ಅಲುಗಾಡಿಸಬ್ಯಾಡ್ರಿ, ಹಂಗ ಮಾಡಿದ್ರ ಒಳಗಿನ ಪಿನ್ ಅಗಲ ಆಗ್ತಾವ. ಮೊಬೈಲ್ ಟಾರ್ಚ್ ಹಚ್ಚಿ ಎರಡೂ ಕಡೆ, ಕೇಬಲಿನ ತೂತು ಮತ್ತ ಕಾರ್ಡಿನ ಸಾಕೆಟ್ಟು, ನೋಡ್ರಿ. ತೂತಿನ ಅಂಚು ಕಂದು ಬಣ್ಣಕ್ಕ ತಿರುಗಿದ್ರ, ಉಬ್ಬಿದ್ರ, ಒಂದು ಪಿನ್ ಉಳಿದವಕಿಂತ ಒಳಗ ಸರಿದಿದ್ರ, ಮೂಗಿಗೆ ಹಿಡಿದಾಗ ಸುಟ್ಟ ವಾಸನಿ ಬಂದ್ರ ಅಲ್ಲಿಗೇ ನಿಲ್ಲಸ್ರಿ. ಮತ್ತ ಹಚ್ಚಿ ನೋಡೋದು ಬ್ಯಾಡ. ಧೂಳು ಇದ್ರ ಬ್ಲೋವರ್‌ಲೆ ಊದ್ರಿ, ನಮ್ಮ ಕಡೆ ಧೂಳಿಗೆ ಬರ ಇಲ್ಲ, ಒದ್ದಿ ಬಟ್ಟಿ ಮುಟ್ಟಿಸಬ್ಯಾಡ್ರಿ.

ಇಲ್ಲಿ ಒಂದು ಮಾತು. ಈ ಕನೆಕ್ಟರಿಗೆ ಹಾಕಿ ತೆಗಿಯೋ ಲೆಕ್ಕ 30 ಸಲದ್ದು. ಹಿಂಗಾಗಿ ಅಂಜಿಕೊಂಡು ವಾರಕ್ಕೊಮ್ಮಿ ಬಿಚ್ಚಿ ನೋಡೋ ಚಟ ಹಚ್ಕೊಂಡ್ರ ಅದರಿಂದನ ಪಿನ್ ಸಡಿಲ ಆಗ್ತಾವ. ಒಮ್ಮಿ ಸರಿಯಾಗಿ ಕೂಡಿಸಿ, ಆಮ್ಯಾಲ ಕಣ್ಣಿಲೆ ನೋಡೋದು ಅಷ್ಟ.

ಯಾವ ಕೇಬಲ್

ಪವರ್ ಸಪ್ಲೈ ಜೋಡಿ ಬಂದ 16 ಪಿನ್ನಿನ (12 ದೊಡ್ಡವು, 4 ಸಣ್ಣವು) ಕೇಬಲ್ ಇದ್ರ ಅದ ಛಲೋ. ಅದಿಲ್ಲ ಅಂದ್ರ ಕಾರ್ಡ್ ಡಬ್ಬಿಯಾಗ ಬಂದ, ಮೂರೋ ನಾಕೋ ಬಾಲದ ಅಡಾಪ್ಟರ್ ನಡೀತದ, ಆದ್ರ ಒಂದೊಂದು ಬಾಲಕ್ಕ ಒಂದೊಂದು ಬ್ಯಾರೇ ಕೇಬಲ್ ಎಳೀರಿ, ಒಂದ ಕೇಬಲಿನ ಎರಡು ತುದಿ ತಂದು ಎರಡಕ್ಕೂ ಚುಚ್ಚೋದು ಬ್ಯಾಡ. ಬ್ಯಾರೇ ಪವರ್ ಸಪ್ಲೈದ ಕೇಬಲ್ ತಂದು ಹಚ್ಚೋದಂತೂ ಬ್ಯಾಡೇ ಬ್ಯಾಡ, ಸಾಕೆಟ್‌ದಾಗ ಛಂದ ಕೂಡಬಹುದು ಆದ್ರ ಪವರ್ ಸಪ್ಲೈ ಕಡೆ ಪಿನ್ನಿನ ಜೋಡಣಿ ಒಂದೊಂದು ಕಂಪನಿದು ಒಂದೊಂದು ನಮೂನಿ, ಒತ್ತಿದ ಗಳಿಗೆಗೆ ಕಾರ್ಡ್ ಹೋಗ್ತದ. ಸೆಕೆಂಡ್ ಹ್ಯಾಂಡ್ ಪವರ್ ಸಪ್ಲೈ ತಗೊಳ್ಳೋರು ಕೇಬಲ್ ಕೇಳಿ ಇಸ್ಕೊಳ್ರಿ, ಇಲ್ಲಂದ್ರ ರೇಟ್ ಎಷ್ಟ ಕಡಿಮಿ ಇದ್ರೂ ಬಿಡ್ರಿ. ವೈರ್ ಮಡಚಬಾರ್ದು ಅಂತ ಎಲ್ ಆಕಾರದ ಅಡಾಪ್ಟರ್ ಹಚ್ಚೋ ಫ್ಯಾಷನ್ ಒಂದಿತ್ತು, ಕೇಬಲ್‌ಮಾಡ್ ಕಂಪನಿ ಅಂಥ 25,000ಕ್ಕೂ ಹೆಚ್ಚು ಅಡಾಪ್ಟರ್ 2024ರ ಫೆಬ್ರವರಿಯಾಗ ವಾಪಸ್ ಕರೆಸ್ಕೊಂಡದ. ನಡುವ ಇನ್ನೊಂದು ಜೋಡು ಬಂದಷ್ಟೂ ಬಿಸಿ ಆಗೋ ಜಾಗ ಇನ್ನೊಂದು ಹೆಚ್ಚು.

ಒತ್ತೋದು ಹೆಂಗ

ಕಾರ್ಡಿನ ಹಿಂಭಾಗಕ್ಕ ಒಂದು ಕೈ ಆಧಾರ ಕೊಟ್ಟು, ಇನ್ನೊಂದು ಕೈಲೆ ಕನೆಕ್ಟರ್ ಸೀದಾ ಹಿಡಿದು ಒತ್ರಿ. ನೀವು ಅಂದ್ಕೊಂಡಿದ್ದಕಿಂತ ಜರಾ ಜಾಸ್ತಿನ ಜೋರು ಬೇಕಾಗ್ತದ. ಕಟ್ ಅಂತ ಸಪ್ಪಳ ಬರ್ತದ ಅಂತಾರ, ಎಷ್ಟೋ ಸಲ ಬರಂಗಿಲ್ಲ, ಅದನ್ನ ನಂಬಬ್ಯಾಡ್ರಿ. ಬದಿಯಿಂದ ನೋಡಿದಾಗ ಕನೆಕ್ಟರು ಸಾಕೆಟ್ಟು ನಡುವ ಸಂದು ಕಾಣಬಾರ್ದು, ಕೊಂಡಿ ತನ್ನ ಹಲ್ಲಿನ ಮ್ಯಾಲ ಕೂತಿರಬೇಕು, ಮೆಲ್ಲಕ ಎಳೆದ್ರ ಬರಬಾರ್ದು. ಕಣ್ಣಿಗೆ ಕಾಣದ ಜಾಗ ಇದ್ರ ಫ್ಲ್ಯಾಶ್ ಹಾಕಿ ಫೋಟೋ ತಗೊಂಡು ದೊಡ್ಡದು ಮಾಡಿ ನೋಡ್ರಿ. ಎಮ್‌ಎಸ್‌ಐದ ಕೆಲವು ಕೇಬಲ್‌ದಾಗ ತುದಿ ಹಳದಿ ಮಾಡ್ಯಾರ, ಹಳದಿ ಕಂಡ್ರ ಪೂರಾ ಕೂತಿಲ್ಲ ಅಂತ ಅರ್ಥ. ಇಂಥ ಸಾದಾ ಉಪಾಯ ಎಲ್ಲಾರೂ ಮಾಡಬೇಕಿತ್ತು.

ಪವರ್ ಸಪ್ಲೈ ಕಡೆ ತುದಿನೂ ಹಿಂಗ ನೋಡ್ರಿ, ಎಲ್ಲಾರೂ ಮರೆಯೋದು ಅದನ್ನ. ಆಮ್ಯಾಲ ವೈರು ಕನೆಕ್ಟರಿನಿಂದ ಮೂರೂವರಿ ಸೆಂಟಿಮೀಟರ್ ಸೀದಾ ಬಂದು ಆಮ್ಯಾಲ ಬಾಗಬೇಕು. ಕ್ಯಾಬಿನೆಟ್‌ದ ಗಾಜು ವೈರನ್ನ ಒಳಗ ದಬ್ಬತಿದ್ರ ಗಾಜು ತೆಗೆದಿಡ್ರಿ, ಇಲ್ಲಾ ಅಗಲದ ಕ್ಯಾಬಿನೆಟ್ ತಗೊಳ್ರಿ. ಎರಡು ಲಕ್ಷದ ಕಾರ್ಡ್ ತಗೊಂಡವ್ರು ಕ್ಯಾಬಿನೆಟ್‌ಗೆ ಚೌಕಾಶಿ ಮಾಡೋದು ನೋಡಿದ್ರ ನಗಿ ಬರ್ತದ.

ಪವರ್ ಲಿಮಿಟ್ ಇಳಸ್ರಿ

ಒಂದ ಒಂದು ಕೆಲಸ ಮಾಡ್ತೀನಿ ಅನ್ನೋರಿಗೆ ನಾ ಹೇಳೋದು ಇದನ್ನ. ಎಮ್‌ಎಸ್‌ಐ ಆಫ್ಟರ್‌ಬರ್ನರ್ ಅನ್ನೋ ಫ್ರೀ ಸಾಫ್ಟ್‌ವೇರ್ ಹಾಕ್ಕೊಳ್ರಿ, ಯಾವ ಕಂಪನಿ ಕಾರ್ಡ್ ಇದ್ರೂ ನಡೀತದ. ಅದರಾಗ ಪವರ್ ಲಿಮಿಟ್ ಅಂತ ಸ್ಲೈಡರ್ ಇರ್ತದ, 100 ಇದ್ದದ್ದು 75ಕ್ಕೋ 80ಕ್ಕೋ ತಂದು ಅಪ್ಲೈ ಒತ್ರಿ, ಕಂಪ್ಯೂಟರ್ ಚಾಲೂ ಆದಾಗ ತಾನ ಹಚ್ಕೊಳ್ಳೋ ಆಪ್ಷನ್ನೂ ಆನ್ ಮಾಡ್ರಿ. 450 ವ್ಯಾಟಿನ ಕಾರ್ಡ್ 75ಕ್ಕ ತಂದ್ರ 340ರ ಒಳಗ ಬರ್ತದ, ವೈರಿಗೆ 6 ಆಂಪಿಯರ್ ಚಿಲ್ಲರೆ ಇದ್ದದ್ದು 5ಕ್ಕ ಸ್ವಲ್ಪ ಕೆಳಗ, ಬಿಸಿ ಹೆಚ್ಚುಕಡಿಮಿ ಅರ್ಧ. ಕೆಲಸದ ಸ್ಪೀಡ್ ಮಾತ್ರ ಕಾಲು ಭಾಗ ಇಳಿಯಂಗಿಲ್ಲ, ಬಹಳಷ್ಟು ಕೆಲಸದಾಗ ಹತ್ತು ಪರ್ಸೆಂಟ್ ಒಳಗನ, ಯಾಕಂದ್ರ ಈ ಕಾರ್ಡುಗಳು ಕೊನೀ ಒಂದಿಷ್ಟು ಸ್ಪೀಡಿನ ಸಲುವಾಗಿ ಸುಮ್ನ ಕರಂಟ್ ಕುಡೀತಾವ. ಲಗ್ನದ ವಿಡಿಯೋ ಹತ್ತು ನಿಮಿಷ ತಡ ಆದ್ರ ಯಾವ ಬೀಗರೂ ಕೇಳಂಗಿಲ್ಲ. ಲಿನಕ್ಸ್ ಮ್ಯಾಲ ಎಐ ಮಾಡೆಲ್ ಓಡಿಸೋ ಇಂಜಿನಿಯರಿಂಗ್ ಹುಡುಗ್ರು ಎನ್‌ವಿಡಿಯಾ ಎಸ್‌ಎಮ್‌ಐ ಕಮಾಂಡ್‌ಲೆ ಇದನ್ನ ಮಾಡಬಹುದು, ರೀಸ್ಟಾರ್ಟ್ ಆದ್ರ ಮತ್ತ ಮೊದಲಿನಂಗ ಆಗ್ತದ, ನೆನಪಿಡ್ರಿ.

ಬ್ಯಾಸಗ್ಯಾಗ ಇದು ಇನ್ನೂ ಮುಖ್ಯ. ಕನೆಕ್ಟರಿನ ಬಿಸಿ ಕೋಣಿ ಬಿಸಿ ಮ್ಯಾಲ ಏರ್ತದ, ಎಸಿ ಕೋಣ್ಯಾಗ 24ರಿಂದ ಶುರು, ಪತ್ರಾ ಹಾಕಿದ ಮ್ಯಾಲಿನ ಕೋಣ್ಯಾಗ 42ರಿಂದ ಶುರು. ಕೂಲರ್ ಹಚ್ಚೋರು ಅದರ ಗಾಳಿ ಸೀದಾ ಕ್ಯಾಬಿನೆಟ್‌ಗೆ ಬಡಿಯದಂಗ ಇಡ್ರಿ, ಆ ಗಾಳಿಯಾಗ ನೀರಿನ ಪಸಿ ಇರ್ತದ.

ಕೂತದೋ ಇಲ್ಲೋ ಪರೀಕ್ಷಾ

ಕಾರ್ಡ್ ಮ್ಯಾಲ ಪೂರಾ ಲೋಡ್ ಹಾಕೋ ಫರ್‌ಮಾರ್ಕ್‌ದಂಥ ಟೆಸ್ಟ್ ಹಾಕಿ ಹತ್ತು ಹದಿನೈದು ನಿಮಿಷ ಓಡಿಸ್ರಿ, ಎದ್ದು ಹೋಗಬ್ಯಾಡ್ರಿ. ಎಚ್‌ಡಬ್ಲ್ಯೂಇನ್ಫೋ ಸಾಫ್ಟ್‌ವೇರ್‌ದಾಗ 16 ಪಿನ್ನಿನ ವೋಲ್ಟೇಜ್ ಕಾಣ್ತದ, ಲೋಡ್ ಬಿದ್ದಾಗ 12ರ ಆಸುಪಾಸಿನಾಗ ಇದ್ದು ಜರಾ ಇಳಿಯೋದು ಸಹಜ. ಇವತ್ತಿನ ಅಂಕಿ ಬರೆದಿಡ್ರಿ, ಎರಡು ತಿಂಗಳಾದ ಮ್ಯಾಲ ಅದ ಟೆಸ್ಟಿಗೆ ಇನ್ನೂ ಕೆಳಗ ಹೋಗಿದ್ರ ಎಲ್ಲೋ ಸಡಿಲ ಆಗ್ಲಿಕ್ಕತ್ತದ. ಆಸುಸ್‌ದ ಆಸ್ಟ್ರಲ್ 5090ದಂಥ ಕಾರ್ಡ್ ಇದ್ರ ಪಿನ್ ಪಿನ್ನಿಂದು ಕರಂಟ್ ಅದ ತೋರಸ್ತದ. ಉಳಿದವ್ರು ಕ್ಲಾಂಪ್ ಮೀಟರ್‌ಲೆ ಒಂದೊಂದ ವೈರ್ ಅಳಿಬಹುದು, ಆದ್ರ ಎಲೆಕ್ಟ್ರಿಷಿಯನ್ ಅಣ್ಣಾರ ಕಡೆ ಇರೋ ಸಾದಾ ಕ್ಲಾಂಪ್ ಮೀಟರ್ ಎಸಿ ಅಷ್ಟ ಅಳೀತದ, ಇಲ್ಲಿರೋದು ಡಿಸಿ, ಸೊನ್ನಿ ತೋರಿಸಿ ಎಲ್ಲಾ ಆರಾಮ ಅದ ಅನಸ್ತದ. ಡಿಸಿ ಅಳಿಯೋದ ಬೇಕು. ಆರೂ ವೈರಿನಾಗ ಅಂಕಿ ಹತ್ರ ಹತ್ರ ಇರಬೇಕು, ಒಂದರಾಗ 12, ಇನ್ನೊಂದರಾಗ 3 ಬಂದ್ರ ಬಂದ್ ಮಾಡಿ ಕೇಬಲ್ ಬದಲಸ್ರಿ.

ವಾಸನಿ ಬಂತಂದ್ರ

ಮೌಸ್ ಹಿಡಿದು ಫೈಲ್ ಸೇವ್ ಮಾಡ್ಕೋತ ಕೂಡಬ್ಯಾಡ್ರಿ, ಸೀದಾ ಕರಂಟ್ ಕಡೀರಿ, ಯುಪಿಎಸ್ ಸೈತ. ನೀರು ಹಾಕಬ್ಯಾಡ್ರಿ, ಸ್ಟುಡಿಯೋದಾಗ ಒಂದು ಸಣ್ಣ ಪೌಡರ್ ಸಿಲಿಂಡರ್ ಇಟ್ಕೊಂಡ್ರ ಒಳ್ಳೇದು. ಪೂರಾ ತಣ್ಣಗಾದ ಮ್ಯಾಲ ಫೋಟೋ ತಗೊಂಡು, ಕನೆಕ್ಟರ್ ಅಂಟಿಕೊಂಡಿದ್ರ ಕಿತ್ತು ಎಳೀದನ ಇದ್ದಂಗ ಕಾರ್ಡ್, ಕೇಬಲ್ ಎರಡೂ ಅಂಗಡಿಗೆ ಒಯ್ರಿ, ಬಿಲ್ಲು ಡಬ್ಬಿ ಸಹಿತ. ಲೋಕಲ್ ರಿಪೇರಿಯವ್ರ ಕಡೆ ಸಾಕೆಟ್ ಬದಲಿಸಿದ್ರ ವಾರಂಟಿ ಹೋಗೋ ಸಾಧ್ಯತಾ ಭಾಳ ಅದ, ಮೊದ್ಲ ವಾರಂಟಿ ಕೇಳ್ರಿ, ಅವ್ರು ಇಲ್ಲಂದ ಮ್ಯಾಲ ರಿಪೇರಿ. ಕಾರ್ಡ್ ಬದಲಾಗಿ ಬಂತಂತ ಹಳೇ ಕೇಬಲ್ ಅದಕ್ಕ ಹಚ್ಚಬ್ಯಾಡ್ರಿ, ಒಮ್ಮಿ ಬಿಸಿ ತಿಂದ ಕೇಬಲ್ ಮ್ಯಾಲಿಂದ ಎಷ್ಟ ಛಂದ ಕಂಡ್ರೂ ಕತ್ತರಿಸಿ ಒಗೀರಿ, ಇಲ್ಲಂದ್ರ ಮನ್ಯಾಗ ಯಾರರ ಡಬ್ಬಿಯಾಗಿಂದ ತೆಗೆದು ಮತ್ತ ಹಚ್ತಾರ.